ಗಿಣ್ಣಿನ ಅಂಚು

ಸಿಕ್ಸ್ಟೆನ್ ರಾಸ್ಕ್ ಅವರು ಜೇನುಮೇಣದ ತುಂಡೊಂದನ್ನು ಚೀಸ್ ಎಂದುಕೊಂಡು ಬಾಯಿಗೆ ಹಾಕಿಕೊಂಡದ್ದು ಸೆಪ್ಟೆಂಬರಿನ ಸುಗ್ಗಿ ಮೇಳದಲ್ಲಿ, ಎಕ್‌ಹುಲ್ಟ್ ಊರಿನ ಅರ್ಧ ಜನ ನೋಡುತ್ತಿರುವಾಗ.

ತಪ್ಪು ಪೂರ್ತಿ ಅವರದೇ ಎನ್ನಲಾಗದು. ಎಡಕ್ಕೆ ಚೀಸಿನ ಮೇಜು, ಬಲಕ್ಕೆ ಜೇನಿನ ಮೇಜು. ಜೇನಿನವನು ತನ್ನ ಮೇಣವನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ, ಮರದ ಹಲಗೆಯ ಮೇಲೆ ಚೆಂದವಾಗಿ ಜೋಡಿಸಿ, ಎರಡರ ನಡುವೆ ಇಟ್ಟುಬಿಟ್ಟಿದ್ದ. ಹಳದಿ ಬಣ್ಣ, ಮಟ್ಟಸವಾದ ಮೂಲೆಗಳು, ಪಕ್ಕದಲ್ಲಿ ಹಲ್ಲುಕಡ್ಡಿಯ ಡಬ್ಬಿ ಬೇರೆ. ಡಬ್ಬಿ ಚೀಸಿನವರದು, ಮೇಜಿನ ತುದಿಯಿಂದ ಇತ್ತ ಸರಿದು ಬಂದಿತ್ತು. ಸಿಕ್ಸ್ಟೆನ್ ಕಡ್ಡಿ ಚುಚ್ಚಿದರು, ಬಾಯಿಗಿಟ್ಟರು, ಅಗಿದರು. ಮತ್ತೆ ಅಗಿದರು. ಜೇನಿನವನು ತಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವನು ಮರ್ಯಾದೆಗೆ ಕೇಳಿದ:

“ಹೇಗಿದೆ?”

“ಕೆಟ್ಟದ್ದೇನಲ್ಲ,” ಎಂದರು ಸಿಕ್ಸ್ಟೆನ್, ಮೇಣವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸುತ್ತ. “ಸ್ವಲ್ಪ ಗಟ್ಟಿ.”

“ಅದು ಬೂಟಿಗೆ ಹಚ್ಚೋದು ಕಣಪ್ಪ.”

ಸಿಕ್ಸ್ಟೆನ್ ಯೋಚಿಸಿದರು. ಉಗುಳಿದರೆ ತನಗಲ್ಲ, ಜೇನಿನವನಿಗೆ ಅವಮಾನ. ನುಂಗಿದರು. “ಹಾಗಿದ್ರೆ ಬೂಟಿಗಂತೂ ತುಂಬ ಒಳ್ಳೇದು ಬಿಡು.”

ಹಿಂದೆ ಸಾಲಿನಲ್ಲಿ ನಿಂತಿದ್ದ ಗುಲ್ಲನ್ ಜೋರಾಗಿ ಹೇಳಿದಳು: “ಸಿಕ್ಸ್ಟೆನ್, ಇನ್ಮೇಲೆ ಎಂಥಾ ಮಳೆ ಬಂದ್ರೂ ನಿನ್ನ ಹೊಟ್ಟೆ ಒಳಗಿಂದ ನೆನೆಯಲ್ಲ!”

ಗುಲ್ಲನ್ ನಮ್ಮ ಊರಿನ ರೆಡ್ ಕ್ರಾಸ್ ಶಾಖೆಯ ಅಧ್ಯಕ್ಷೆ, ನನ್ನ ಪಕ್ಕದ ಮನೆಯವಳು. ಕನ್ನಡ ಬಾರದಿದ್ದರೂ ಕನ್ನಡದಲ್ಲಿ ತನ್ನ ಹೆಸರಿಗೆ ಏನರ್ಥವೋ ಅದನ್ನೇ ಕಸುಬು ಮಾಡಿಕೊಂಡವಳು. ಗುಲ್ಲೆಬ್ಬಿಸಲು ಅವಳಿಗೆ ಸಂಜೆಯವರೆಗೂ ಸಮಯ ಬೇಕಾಗಲಿಲ್ಲ.

ಹೆಸರಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಸಿಕ್ಸ್ಟೆನ್ ಎಂಬುದು ಸ್ವೀಡನ್ನಿನ ಹಳೆಯ ಕಾಲದ, ಗಂಭೀರವಾದ ಹೆಸರು. ಆದರೆ ಇಲ್ಲಿ ಇಷ್ಟು ವರ್ಷ ಬಾಳಿದ ಮೇಲೂ ನನ್ನ ಕಿವಿಗೆ ಅದು ‘ಸಿಕ್ಕಷ್ಟ್ ತಿನ್’ ಎಂದೇ ಬೀಳುತ್ತದೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಊಟಕ್ಕೆ ಮುಂಚೆ ಹೇಳಿಸುತ್ತಿದ್ದ ಪ್ರಾರ್ಥನೆಯ ಸಾರಾಂಶವೂ ಅದೇ ಆಗಿತ್ತು: ಸಿಕ್ಕಷ್ಟು ತಿನ್ನು, ದೂರು ಹೇಳಬೇಡ. ಆ ಲೆಕ್ಕದಲ್ಲಿ ಸಿಕ್ಸ್ಟೆನ್ ಯಾವ ಕಾನ್ವೆಂಟಿನ ಮೆಟ್ಟಿಲೂ ಹತ್ತದೆ ಪಾಸಾದವರು.

ಎಕ್‌ಹುಲ್ಟ್‌ನಿಂದ ಹೊರಟು ಸರೋವರವನ್ನು ಸುತ್ತಿ ಮತ್ತೆ ಎಕ್‌ಹುಲ್ಟ್‌ಗೇ ಬರುವ ಬಸ್ಸನ್ನು ಅವರು ಮೀಸೆ ಕಪ್ಪಗಿದ್ದಾಗ ಓಡಿಸಲು ಶುರುಮಾಡಿ, ಬೆಳ್ಳಗಾದಾಗ ಬಿಟ್ಟರು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ “ನನ್ನ ರೂಟಿನಲ್ಲಿ ಆ ಸ್ಟಾಪು ಇರಲಿಲ್ಲ” ಎನ್ನುತ್ತಾರೆ. ಕೆಲಸದಲ್ಲಿದ್ದಷ್ಟೂ ದಿನ ಅವರ ಊಟವೆಂದರೆ ಸ್ಟಿಯರಿಂಗಿನ ಮೇಲೆ ಹರಡಿದ ಕಾಗದದಲ್ಲಿ ಎರಡು ತುಂಡು ಬ್ರೆಡ್ಡು. ನಿವೃತ್ತಿಯಾದ ಮೇಲೆ ರುಚಿ ನೋಡುವ ಕೂಟಗಳಿಗೆ ಹೋಗಲು ಶುರುಮಾಡಿದರು. ಹೆರಿಂಗ್ ಮೀನಿನ ಕೂಟ, ಹೊಸ ಆಲೂಗಡ್ಡೆಯ ಕೂಟ, ಜಾಮಿನ ಕೂಟ, ಚರ್ಚಿನ ಸೋರುವ ಚಾವಣಿಗೆ ಹಣ ಕೂಡಿಸಲು ಶಾಜೀರಿಗೆಯ ಸಾರಾಯಿ ಗುಟುಕರಿಸುವ ಕೂಟ. ಈ ಕೊನೆಯದರಲ್ಲಿ ಚಾವಣಿ ಸೋರುವುದಕ್ಕಿಂತ ವೇಗವಾಗಿ ಗಂಟಲುಗಳು ಸೋರುತ್ತವೆ. ದಾನಕ್ಕಾಗಿ ನಡೆಯುವ ಯಾವ ಕೂಟವನ್ನೂ ಸಿಕ್ಸ್ಟೆನ್ ತಪ್ಪಿಸಿದವರಲ್ಲ.

ಯಾಕೆ ಇಷ್ಟೊಂದು ತಿರುಗಾಟ ಎಂದು ಒಮ್ಮೆ ಕೇಳಿದ್ದೆ.

“ಇಷ್ಟು ವರ್ಷ ಈ ಊರು ನನ್ನ ಬೆನ್ನು ನೋಡ್ತು. ನಾನು ಊರಿನ ಮುಖ ನೋಡಿದ್ದು ಕನ್ನಡೀಲಿ, ಅದೂ ಉಲ್ಟಾ,” ಎಂದರು.

ಕೂಟಕ್ಕೆ ಬಂದರೆ ಅವರದೊಂದು ಕ್ರಮವಿದೆ. ಬಾಗಿಲ ಪಕ್ಕದ ಮೇಜಿನಿಂದ ಶುರುಮಾಡಿ ಗೋಡೆ ಹಿಡಿದು ಸುತ್ತು ಬರುತ್ತಾರೆ. ಯಾವ ಸ್ಟಾಪನ್ನೂ ಬಿಡುವುದಿಲ್ಲ. ಕಾಯುವವರು ಇರಲಿ ಇಲ್ಲದಿರಲಿ, ನಿಲ್ಲಿಸಲೇಬೇಕು. ಮೇಣಕ್ಕೆ ಸಿಕ್ಕಿಬಿದ್ದದ್ದೂ ಹೀಗೆಯೇ. ಜೇಬಿನಲ್ಲಿ ಸ್ವಂತ ಚಮಚ ಇರುತ್ತದೆ, ಸವಿದು ಸವಿದು ತುದಿ ಸವೆದಿದೆ. ತಿಂದ ಮೇಲೆ ಒಂದೇ ಮಾತು: “ಕೆಟ್ಟದ್ದೇನಲ್ಲ.”

ಅದು ಅವರೊಬ್ಬರ ಮಾತಲ್ಲ, ಊರಿನ ಮಾತು. ಸ್ಮೋಲಾಂಡ್ ಸೀಮೆಯ ಈ ಮೂಲೆಯಲ್ಲಿ ಚೆನ್ನಾಗಿದೆ ಎಂದರೆ ಅತಿಯಾಯಿತು, ಚೆನ್ನಾಗಿಲ್ಲ ಎಂದರೆ ಜಗಳವಾಯಿತು. ಹೊಸ ಪಾದ್ರಿಯ ಪ್ರವಚನ, ಆಸ್ಪತ್ರೆಯ ಸೂಪು, ಮೊಮ್ಮಗಳು ಮದುವೆಯಾಗುವ ಹುಡುಗ, ಎಲ್ಲವೂ ಕೆಟ್ಟದ್ದೇನಲ್ಲ. ಮರ್ಯಾದೆಯ ಬಹುವಚನವೂ ಇಲ್ಲಿ ಇಲ್ಲ. ಪಾದ್ರಿಗೂ ‘ನೀನು’, ಪೊಲೀಸಿಗೂ ‘ನೀನು’. ಮರ್ಯಾದೆಯೆಲ್ಲ ಈ ಒಂದು ಮಾತಿನಲ್ಲಿ ಹೋಗಿ ಕುಳಿತಿದೆ.

ಇದರಿಂದ ಸಂಕಟಕ್ಕೆ ಸಿಕ್ಕವರು ಮೈವೋರ್.

ಮೈವೋರ್ ಊರಿನ ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿ ಜೀವಮಾನ ಕಳೆದವರು. ಎಕ್‌ಹುಲ್ಟ್‌ನ ಪ್ರತಿಯೊಬ್ಬರ ಬಾಯಿಯನ್ನೂ ಒಳಗಿನಿಂದ ಬಲ್ಲರು. ಆದರೆ ಅದೇ ಬಾಯಿಗಳಿಂದ ತಮ್ಮ ಗಿಣ್ಣಿನ ಬಗ್ಗೆ ಒಂದು ನೇರ ಮಾತು ಹೊರಡಿಸಲು ಅವರಿಗೆ ಇವತ್ತಿನವರೆಗೂ ಆಗಿಲ್ಲ.

ಗಿಣ್ಣು ಎಂದು ನಾನು ಕರೆಯುತ್ತಿದ್ದೇನೆ. ಇಲ್ಲಿಯವರು ಕರೆಯುವ ಹೆಸರು ಬೇರೆ, ಕೇಳಿದರೆ ಸೀನಿದಂತಿರುತ್ತದೆ. ಹಾಲು ಒಡೆಸಿ, ಮೊಟ್ಟೆ, ಕೆನೆ, ಸಕ್ಕರೆ, ಬಾದಾಮಿ ಬೆರೆಸಿ, ತಾಮ್ರದ ಅಚ್ಚಿನಲ್ಲಿ ಹೊಯ್ದು ಒಲೆಯೊಳಗೆ ಬೇಯಿಸುತ್ತಾರೆ. ನಮ್ಮ ಗಿಣ್ಣಿಗೆ ಅಣ್ಣನಾಗಬೇಕು. ಚೆರಿ ಜಾಮಿನ ಜೊತೆ ತಿನ್ನುತ್ತಾರೆ. ತಿನ್ನುವುದಕ್ಕೊಂದು ಕಟ್ಟಳೆ ಇದೆ. ಮೊದಲೇ ಅಂಚಿಗೆ ಚಮಚ ಹಾಕಕೂಡದು, ಮಧ್ಯದಿಂದಲೇ ಶುರುಮಾಡಬೇಕು. ಹಿಂದಿನ ಕಾಲದಲ್ಲಿ ಅಚ್ಚಿನ ಕಲಾಯಿ ಹೋಗಿ ಅಂಚಿಗೆ ಕಿಲುಬು ಹತ್ತುತ್ತಿತ್ತಂತೆ, ಅದಕ್ಕೆ ದೊಡ್ಡವರಿಗೆ ನಡುವಿನದು, ಉಳಿದವರಿಗೆ ಅಂಚಿನದು. ಈಗ ಕಲಾಯಿ ಸರಿಯಿದೆ, ಕಟ್ಟಳೆಯೂ ಉಳಿದಿದೆ. ಮದ್ಯದ ಕೂಟದಲ್ಲಿ ಅಂಚಿನವರೆಗೆ ತುಂಬುವ ಈ ಜನ, ಗಿಣ್ಣಿನ ಕೂಟದಲ್ಲಿ ಮಧ್ಯ ಬಿಟ್ಟು ಕದಲುವುದಿಲ್ಲ. ‘ದ’ಕಾರ ‘ಧ’ಕಾರದ ವ್ಯತ್ಯಾಸ, ಅಷ್ಟೇ.

ನವೆಂಬರಿನ ಮೊದಲ ಶನಿವಾರ ರೆಡ್ ಕ್ರಾಸಿನವರು ಚರ್ಚಿನ ಸಭಾಂಗಣದಲ್ಲಿ ಗಿಣ್ಣಿನ ಕೂಟ ನಡೆಸುತ್ತಾರೆ. ಐವತ್ತು ಕ್ರೋನ ಕೊಟ್ಟವರು ಚಮಚ ಹಿಡಿದು ಎಲ್ಲ ಅಚ್ಚುಗಳ ರುಚಿ ನೋಡಬಹುದು. ಬಂದ ಹಣ, ಒಂಟಿಯಾಗಿರುವ ಮುದುಕರ ಮನೆಗೆ ಊಟ ಕಳಿಸಲು. ಬಹುಮಾನ ಇಲ್ಲ. ಆದರೆ ಬಹುಮಾನಕ್ಕಿಂತ ದೊಡ್ಡದೊಂದಿದೆ. ಒಂದು ಗಿಣ್ಣಿನ ಅಂಚನ್ನು ಕೊನೆಯ ಚೂರಿನವರೆಗೆ ತಿಂದು ಮುಗಿಸಿದವರು ಆ ಅಚ್ಚನ್ನು ತಮ್ಮ ಮನೆಗೆ ಒಯ್ದು, ತಿಕ್ಕಿ ತೊಳೆದು, ಮಾರನೆಯ ದಿನ ಮಾಡಿದವರ ಮನೆಗೆ ಮುಟ್ಟಿಸಬೇಕು. ಖಾಲಿಯಾಗಿ, ಹೊಳೆಯುತ್ತ, ಇನ್ನೊಬ್ಬರ ಕೈಯಲ್ಲಿ ಮನೆಗೆ ಬರುವ ಅಚ್ಚೇ ಆ ಗಿಣ್ಣಿಗೆ ಸಿಕ್ಕ ಬಿರುದು.

ತಾಮ್ರ ತಿಕ್ಕುವುದೆಂದರೆ ಹುಡುಗಾಟವಲ್ಲ. ಹುಣಸೆಹಣ್ಣು ಕಾಣದ ದೇಶ. ವಿನೆಗರು, ಉಪ್ಪು, ಮೊಣಕೈಯ ಬಲ ಇಷ್ಟೇ ಆಸರೆ. ಹಾಗಾಗಿ ಕೊನೆಯ ತುತ್ತು ಯಾರಿಗೂ ಬೇಡ. ಒಬ್ಬರು ಬಂದು ಉಳಿದದ್ದರಲ್ಲಿ ಅರ್ಧ ತೆಗೆಯುತ್ತಾರೆ, ಇನ್ನೊಬ್ಬರು ಆ ಅರ್ಧದಲ್ಲಿ ಅರ್ಧ. ಕೊನೆಗೆ ಬಾದಾಮಿಯಷ್ಟು ಉಳಿದದ್ದನ್ನು ಮತ್ತೊಬ್ಬರು ಚಮಚದ ಅಂಚಿನಿಂದ ಎರಡು ಮಾಡಿ, ಒಂದನ್ನು ತಿಂದು, ಏನೂ ಆಗದವರಂತೆ ಹೋಗುತ್ತಾರೆ. ಗಂಡನೋ ತಮ್ಮನೋ ಬೀಗರೋ ಇದ್ದವರ ಅಚ್ಚನ್ನು ಆ ಗಂಡ, ತಮ್ಮ, ಬೀಗರು ಮುಗಿಸಿಕೊಡುತ್ತಾರೆ. ಯಾರ ಕಡೆಯವರೂ ಅಲ್ಲದ ಸಿಕ್ಸ್ಟೆನ್ ಮಾತ್ರ ವರ್ಷಕ್ಕೊಂದು ಅಚ್ಚನ್ನು ಇಷ್ಟಪಟ್ಟು ಮುಗಿಸಿ ಒಯ್ಯುತ್ತಿದ್ದರು. ಒಂದು ವರ್ಷ ಪಾದ್ರಿಯ ಹೆಂಡತಿಯದು, ಇನ್ನೊಂದು ವರ್ಷ ಗುಲ್ಲನ್‌ದು. ಮೈವೋರ್‌ಗೆ ಗಂಡನಿಲ್ಲ, ತಮ್ಮನಿಲ್ಲ, ಸಿಕ್ಸ್ಟೆನ್ ಕೂಡ ರುಚಿ ನೋಡಿದ್ದು ಬಿಟ್ಟರೆ ಅವರ ಅಚ್ಚನ್ನು ಎಂದೂ ಆರಿಸಿರಲಿಲ್ಲ. ಅಚ್ಚಿದ್ದವರಿಗೆಲ್ಲ ಮೆಚ್ಚು ಸಿಗುತ್ತದೆಂದು ಎಲ್ಲಿದೆ?

ಮೇಳ ಮುಗಿದ ಮರುವಾರ ರೆಡ್ ಕ್ರಾಸಿನ ಕಾಫಿ ಮೇಜಿನಲ್ಲಿ ವಿಷಯ ಹೊರಬಿತ್ತು.

“ಥೂರೆಗೆ ಹೇಳಿಬಿಟ್ಟಿದೀನಿ,” ಎಂದರು ಮೈವೋರ್. ಥೂರೆ ಎಂದರೆ ಊರಿನ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವವನು. “ಈ ಸಲಾನೂ ಅಂಚು ಉಳಿದು ವಾಪಸ್ ಬಂತೋ, ಅಮ್ಮನ ಅಚ್ಚು ಅವನ ಗಾಜಿನ ಪೆಟ್ಟಿಗೆಗೆ. ಇಲಿಬೋನಿನ ಪಕ್ಕ ಜಾಗ ಇದ್ಯಂತೆ. ಇನ್ಮೇಲೆ ನಾನು ಗಿಣ್ಣು ಮಾಡಲ್ಲ.”

“ಅಯ್ಯೋ, ನಿನ್ನ ಗಿಣ್ಣಿಗೆ ಏನಾಗಿದ್ಯೇ?” ಎಂದಳು ಗುಲ್ಲನ್.

“ಅದನ್ನೇ ನಾನೂ ಕೇಳ್ತಿರೋದು. ಏನಾಗಿದೆ? ಒಬ್ರಾದ್ರೂ ಬಾಯಿ ಬಿಟ್ಟು ಹೇಳಿದೀರಾ? ಹಲ್ಲು ಕೀಳೋವಾಗ ಎಲ್ರೂ ಚೆನ್ನಾಗಿ ಬಿಡ್ತಿದ್ರಿ.”

“ನಿಂಗೆ ಹೇಗನ್ಸತ್ತೆ?”

“ನಂಗೆ ಚೆನ್ನಾಗೇ ಇದೆ. ನನ್ನ ಕೋಳಿಗಳಿಗೂ ಚೆನ್ನಾಗಿದೆ, ಉಳಿದದ್ದನ್ನೆಲ್ಲ ತಿಂದು ಮೊಟ್ಟೆ ಇಡ್ತಾವೆ. ಕೋಳಿಗಳ ಸರ್ಟಿಫಿಕೇಟು ಸಾಕಾಗಿದೆ ನಂಗೆ.”

ಸಿಕ್ಸ್ಟೆನ್ ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಿದ್ದರು. ತಲೆಯೆತ್ತದೆ ಹೇಳಿದರು: “ನಿನ್ನ ಗಿಣ್ಣು ಕೆಟ್ಟದ್ದೇನಲ್ಲ, ಮೈವೋರ್.”

“ನೀನು ಸುಮ್ನಿರು! ಹೋದ ವಾರ ಬೂಟಿನ ಮೇಣಕ್ಕೂ ಇದನ್ನೇ ಹೇಳ್ದೋನು. ಬೂಟಿನ ಮೇಣಕ್ಕೂ ನಮ್ಮಮ್ಮನ ಗಿಣ್ಣಿಗೂ ಒಂದೇ ಮಾರ್ಕು ಕೊಡ್ತೀಯಲ್ಲ, ನಿನ್ನ ಮಾತು ತಗೊಂಡು ಏನ್ ಮಾಡ್ಲಿ?”

“ಮೇಣಕ್ಕೆ ಸ್ವಲ್ಪ ಗಟ್ಟಿ ಅಂತಾನೂ ಹೇಳಿದ್ದೆ,” ಎಂದರು ಸಿಕ್ಸ್ಟೆನ್.

“ಈ ಊರಲ್ಲಿ ಮಾತಿಗೆ ಬೆಲೆ ಇಲ್ಲ. ಅಚ್ಚು ಖಾಲಿ ಬಂದ್ರೆ ನಂಬ್ತೀನಿ, ಇಲ್ದಿದ್ರೆ ಇಲ್ಲ.” ಮೈವೋರ್ ಎದ್ದು ಕಪ್ಪು ತೊಳೆಯಲು ಹೋದರು. ಹಟದ ಹೆಂಗಸಲ್ಲ ಅವರು. ಅಷ್ಟು ವರ್ಷ ಪ್ರತಿ ಕೂಟದ ಮಾರನೆಯ ದಿನ, ಬೇರೆಯವರ ಮನೆ ಬಾಗಿಲಲ್ಲಿ ಹೊಳೆಯುವ ತಾಮ್ರ ಕಂಡು, ತಮ್ಮ ಬಾಗಿಲು ಮುಚ್ಚಿಕೊಂಡಿದ್ದರು. ಗುಲ್ಲನ್ ತಾನೇ ಎದ್ದು ಹೋಗಿ ತೊಳೆದ ಕಪ್ಪು ಒರೆಸಿಕೊಟ್ಟಳು, ಇದು ದಾಖಲಾಗಬೇಕಾದ ಸಂಗತಿ.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಮೈವೋರ್ ಅವರ ಗಿಣ್ಣು ಕೆಟ್ಟದ್ದೇನಲ್ಲ. ನೋಡಿ, ನನಗೂ ಅಂಟಿದೆ.

ಕೂಟದ ದಿನ ಎಂಟು ಅಚ್ಚುಗಳು ಬಂದವು. ಯಾರದು ಯಾವುದೆಂದು ತಿಳಿಯಬಾರದೆಂದು ಹೆಸರು ಹಾಕುವುದಿಲ್ಲ. ಯಾರ ಮನೆಯ ಅಚ್ಚಿನ ಯಾವ ಬದಿ ನೆಗ್ಗಿದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಗುಟ್ಟು ಗಟ್ಟಿಯಾಗಿಯೇ ಇರುತ್ತದೆ. ಮೈವೋರ್ ಅವರದು ಕಿಟಕಿಯ ಕೆಳಗಿನ ಕೊನೆಯ ಮೇಜಿನಲ್ಲಿತ್ತು. ನಾನು ಕಾಫಿ ಸುರಿಯುತ್ತಿದ್ದೆ. ಮೈವೋರ್ ನನ್ನ ಪಕ್ಕ ನಿಂತು, ತಮ್ಮ ಅಚ್ಚಿಗೆ ಬೆನ್ನು ಹಾಕಿ, ಆಗಲೇ ಒಣಗಿದ್ದ ಕಪ್ಪುಗಳನ್ನು ಮತ್ತೆ ಒರೆಸುತ್ತಿದ್ದರು.

ಮೂರು ಗಂಟೆಯ ಹೊತ್ತಿಗೆ ಉಳಿದ ಮೇಜುಗಳಲ್ಲಿ ಗಂಡಂದಿರು, ತಮ್ಮಂದಿರು ಕೆಲಸಕ್ಕಿಳಿದಿದ್ದರು. ಕಿಟಕಿಯ ಕೆಳಗೆ ಮಾತ್ರ ನಡುವೆ ಹೊಂಡ, ಸುತ್ತ ಕೋಟೆ. ಕೋಟೆಯ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಬಾಗಿಲಲ್ಲಿ ಥೂರೆ ಬಂದು ನಿಂತ. ಕೈಯಲ್ಲಿ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಸುರುಳಿ, ಗಾಜಿನ ಸಾಮಾನಿಗೆ ಸುತ್ತುತ್ತಾರಲ್ಲ, ಅದು.

“ನಾಚಿಕೆ ಇಲ್ವಾ ನಿಂಗೆ?” ಎಂದು ಗುಲ್ಲನ್ ಪಿಸುಗುಟ್ಟಿದಳು. ಅವಳ ಪಿಸುಮಾತು ಹೊರಗಿನ ಗಾಡಿ ನಿಲ್ಲಿಸುವ ಜಾಗದವರೆಗೂ ಕೇಳುತ್ತದೆ. “ಹೆಣ ಬೀಳೋಕ್ ಮುಂಚೆ ಪೆಟ್ಟಿಗೆ ತಂದಿದೀಯಲ್ಲೋ!”

“ಅವಳೇ ಬಾ ಅಂದದ್ದು,” ಎಂದ ಥೂರೆ, ಸುರುಳಿಯನ್ನು ಬೆನ್ನ ಹಿಂದೆ ಅಡಗಿಸುತ್ತ. ಒಂದು ಗುಳ್ಳೆ ಪಟ್ ಎಂದಿತು. ಮೈವೋರ್ ಕೈಯ ಕಪ್ಪು ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

ಸಿಕ್ಸ್ಟೆನ್ ಅಷ್ಟರಲ್ಲಿ ಒಂದು ಸುತ್ತು ಮುಗಿಸಿ ಬೆಲ್ಟನ್ನು ಒಂದು ತೂತು ಸಡಿಲಿಸಿದ್ದರು. ಗುಲ್ಲನ್ ತನ್ನ ಮೇಜಿಂದ ಕೂಗಿದಳು:

“ಬಾ ಸಿಕ್ಸ್ಟೆನ್! ನನ್ನದು ನಿಂಗೇ ಅಂತ ಉಳಿಸಿದೀನಿ.”

ಸಿಕ್ಸ್ಟೆನ್ ಹೋಗಿ ಅವಳ ಅಚ್ಚಿನ ಮುಂದೆ ನಿಂತರು. ಬಂಡಿಯ ಗಾಲಿಯಷ್ಟಿದ್ದ ಆ ತಾಮ್ರವನ್ನು ದಿಟ್ಟಿಸಿ ನೋಡಿ, “ಈ ಸಲ ಬೇಡ” ಎಂದರು. ಮುಂದಿನ ಅಚ್ಚಿಗೆ ಹೋದರು. ಅಲ್ಲಿಯೂ ನಿಂತು, ಹೆಣ್ಣು ನೋಡಲು ಬಂದವರ ಹಾಗೆ ಮೇಲಿಂದ ಕೆಳಗೆ ನೋಡಿದರು. ಹೀಗೆ ಎಂಟನ್ನೂ ನೋಡಿ, ಕೊನೆಗೆ ಕಿಟಕಿಯ ಕೆಳಗಿನ ಕುರ್ಚಿಯನ್ನು ಎಳೆದುಕೊಂಡು ಕುಳಿತು, ಜೇಬಿನಿಂದ ಚಮಚ ತೆಗೆದರು.

ಉಳಿದ ಮೇಜುಗಳವರು ಅತ್ತ ತಿರುಗಿದರು. ಅಂಚೆಂದರೆ ಗಿಣ್ಣಿನ ಬಿಗಿಯಾದ ಭಾಗ, ಒಲೆಗೆ ಕಂದಿದ್ದು, ಎಂಟೂ ಗಿಣ್ಣಿನ ರುಚಿ ನೋಡಿದವರಿಗಂತೂ ಕಲ್ಲಿದ್ದ ಹಾಗೆ. ಸಿಕ್ಸ್ಟೆನ್ ಆತುರಪಡಲಿಲ್ಲ. ಒಂದು ಕಡೆಯಿಂದ ಹೊರಟು ಸರೋವರದ ಸುತ್ತ ಬಸ್ಸು ಹೋದ ಹಾಗೆ ಹೋದರು. ಅರ್ಧ ದಾರಿಯಲ್ಲಿ ನಿಂತು ಬೆಲ್ಟನ್ನು ಪೂರ್ತಿ ಬಿಚ್ಚಿದರು. ಹಣೆಯ ಬೆವರು ಒರೆಸಿಕೊಂಡರು.

ಗುಲ್ಲನ್ ನನ್ನ ಬಳಿ ಓಡಿಬಂದು ತೋಳು ಹಿಡಿದಳು. ತನ್ನ ಗಿಣ್ಣಿಗಾದ ಅವಮಾನವನ್ನು ಮರೆತೇಬಿಟ್ಟಿದ್ದಳು. “ನೋಡೇ, ನೋಡೇ! ಈ ವಯಸ್ಸಲ್ಲಿ! ಇದು ಪ್ರೀತಿನೇ ಕಣೇ.”

“ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ.”

“ಪ್ರೀತಿ ಅಂದ್ರೆ ಹಾಗೇ, ಗಂಟಲಲ್ಲೇ ಸಿಕ್ಕಿಕೊಳ್ಳೋದು.”

“ನೀರು ಕೊಡ್ಲಾ?”

“ಕೆಡಿಸ್ಬೇಡ, ಸುಮ್ನಿರು!”

ಚಮಚ ತಳಕ್ಕೆ ತಾಗಿ ಕೆರೆಯುವ ಸದ್ದು ಬಂತು. ಆ ಸದ್ದಿಗೆ ಮೈವೋರ್ ತಿರುಗಿದರು. ಸಿಕ್ಸ್ಟೆನ್ ಕೊನೆಯ ಚೂರನ್ನು ಅರ್ಧ ಮಾಡಲಿಲ್ಲ, ಹಾಗೆಯೇ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದು ನುಂಗಿ, ಎದ್ದು ನಿಂತು, ಯಾರನ್ನೂ ನೋಡದೆ ಹೇಳಿದರು: “ಕೆಟ್ಟದ್ದೇನಲ್ಲ.”

ಯಾರೂ ನಗಲಿಲ್ಲ. ಮೈವೋರ್ ಕೈಯಲ್ಲಿದ್ದ ಬಟ್ಟೆಯಿಂದ ಕಪ್ಪಿನ ಬದಲು ಕಣ್ಣು ಒರೆಸಿಕೊಂಡರು. ಥೂರೆ ಮುಂದೆ ಬಂದು, ತಾನು ತಂದಿದ್ದ ಪ್ಲಾಸ್ಟಿಕ್ಕನ್ನು ಖಾಲಿ ಅಚ್ಚಿಗೆ ಸುತ್ತಿ ಸಿಕ್ಸ್ಟೆನ್ ಕಂಕುಳಿಗೆ ಕೊಟ್ಟ. “ಎಣ್ಣೆ ಜಿಡ್ಡು ಕೋಟಿಗೆ ಹತ್ತತ್ತೆ,” ಎಂದ, ಕಾರಣ ಬೇಕಲ್ಲ ಎಂದು.

ಮಾರನೆಯ ದಿನ ಮಧ್ಯಾಹ್ನ ನಾನು ಸಿಕ್ಸ್ಟೆನ್ ಅವರನ್ನು ಮೈವೋರ್ ಮನೆಗೆ ಕಾರಿನಲ್ಲಿ ಕರೆದೊಯ್ದೆ. ಬಸ್ಸು ಬಿಟ್ಟ ಮೇಲೆ ಅವರು ಯಾವ ಸ್ಟಿಯರಿಂಗನ್ನೂ ಮುಟ್ಟಿಲ್ಲ. ಗುಲ್ಲನ್ ಹಿಂದಿನ ಸೀಟಿನಲ್ಲಿದ್ದಳು. ಯಾರೂ ಕರೆದಿರಲಿಲ್ಲ. “ಸಾಕ್ಷಿಗೆ ಒಬ್ರು ಬೇಕಲ್ಲ” ಎಂದು ತಾನೇ ಹತ್ತಿ ಕುಳಿತಿದ್ದಳು. ದಾರಿಯುದ್ದಕ್ಕೂ ಸಿಕ್ಸ್ಟೆನ್ ಕೊರಳಪಟ್ಟಿಯನ್ನೇ ನೋಡುತ್ತಿದ್ದಳು, ಇಸ್ತ್ರಿ ಮಾಡಿದೆಯೋ ಇಲ್ಲವೋ ಎಂದು. ಇಸ್ತ್ರಿ ಮಾಡಿತ್ತು. ಅವಳು ನನ್ನ ಹೆಗಲಿಗೆ ಬೆರಳಿನಿಂದ ತಿವಿದಳು.

ಮೈವೋರ್ ನೀಲಿ ರವಿಕೆ ಹಾಕಿದ್ದರು. ಹಬ್ಬದ ಕಪ್ಪುಗಳು ಹೊರಬಂದಿದ್ದವು, ಏಳು ಬಗೆಯ ಬಿಸ್ಕತ್ತು ಇತ್ತು. ಸಿಕ್ಸ್ಟೆನ್ ಅಚ್ಚನ್ನು ಎರಡೂ ಕೈಯಲ್ಲಿ ನೀಡಿದರು. ಎಷ್ಟು ತಿಕ್ಕಿದ್ದರೆಂದರೆ ಅದರಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯ ಆಚೆಯ ಕೋಳಿಗಳೂ ಕಾಣುತ್ತಿದ್ದವು. ಮೈವೋರ್ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದರು.

“ಬೆಳಿಗ್ಗೆ ಥೂರೆಗೆ ಫೋನ್ ಮಾಡ್ದೆ,” ಎಂದರು ಆಮೇಲೆ. “ಇಲಿಬೋನಿನ ಪಕ್ಕ ಬೇರೇನಾದ್ರೂ ಇಟ್ಕೊಳ್ಳಪ್ಪ, ಮುಂದಿನ ವರ್ಷಾನೂ ನಾನು ಬರ್ತೀನಿ ಅಂದೆ.”

“ಸರಿ,” ಎಂದರು ಸಿಕ್ಸ್ಟೆನ್.

ಕಾಫಿ ಸುರಿದದ್ದಾಯಿತು. ಗುಲ್ಲನ್ ಮೂರನೆಯ ಬಗೆಯ ಬಿಸ್ಕತ್ತಿಗೆ ಬಂದಿದ್ದಳು. ಮೈವೋರ್ ಕಪ್ಪು ಕೆಳಗಿಟ್ಟರು, ಕೆನ್ನೆ ಸ್ವಲ್ಪ ಕೆಂಪಾಗಿತ್ತು.

“ಸಿಕ್ಸ್ಟೆನ್, ಒಂದು ಮಾತು ಕೇಳ್ತೀನಿ. ಕೆಟ್ಟದ್ದೇನಲ್ಲ ಗಿಟ್ಟದ್ದೇನಲ್ಲ ಅನ್ಬಾರ್ದು, ನೇರವಾಗಿ ಹೇಳ್ಬೇಕು. ಎಂಟು ಅಚ್ಚಿತ್ತು. ಇವಳು ಬಾಯ್ತುಂಬ ಕರೆದಳು. ನನ್ನದನ್ನೇ ಯಾಕೆ ತಿಂದೆ?”

ಗುಲ್ಲನ್ ಕೈಯ ಬಿಸ್ಕತ್ತು ಬಾಯಿಯ ಹತ್ತಿರ ಬಂದು ನಿಂತಿತು. ಸಿಕ್ಸ್ಟೆನ್ ಮೀಸೆಗೆ ಅಂಟಿದ್ದ ಸಕ್ಕರೆ ಒರೆಸಿಕೊಂಡರು, ಯೋಚಿಸಿದರು, ಮೈವೋರ್ ಮುಖವನ್ನು ನೇರವಾಗಿ ನೋಡಿದರು.

“ಏಪ್ರಿಲಿನಲ್ಲಿ ಮನೆ ಬದಲಾಯಿಸಿದೆನಲ್ಲ,” ಎಂದರು. “ಈಗಿನ ಅಡುಗೆಮನೆ ಸಿಂಕು ಇಷ್ಟೇ ಇಷ್ಟು. ಅದರೊಳಗೆ ಹಿಡಿಸೋದು ನಿನ್ನ ಅಚ್ಚೊಂದೇ.”